ಬೈ ಅಂದ್ರೆ ಏನಮ್ಮಾ?

ನಮ್ಮ ಕೆಳಗಿನ ಮನೆಯ ಅಕ್ಕ ಬ್ಲೌಸ್ ಹೊಲಿಯುತ್ತಾರೆ. ಈಚೆಗೆ ಪಕ್ಕದ ಅಪಾರ್ಟ್‌ಮೆಂಟಿನವರು ಜಾಸ್ತಿ ಬರುತ್ತಿದ್ದಾರೆ, ವಾಟ್ಸಾಪಿನಲ್ಲಿ ಎಲ್ಲ ಇಂಗ್ಲಿಷೇ. ಹಾಗಾಗಿ ಅಕ್ಕ ರಾತ್ರಿ ಊಟ ಮುಗಿಸಿ, ಫೋನ್ ಹಿಡಿದುಕೊಂಡು ನನ್ನನ್ನ ಕೇಳೋಕೆ ಮೇಲೆ ಬರುತ್ತಾರೆ.

ಮೊನ್ನೆ ಬಂದಿದ್ದು ‘ಬೈ’ ವಿಷಯಕ್ಕೆ. ಗಿರಾಕಿಯೊಬ್ಬರು ‘ಬೈ ಫ್ರೈಡೇ’ ಬೇಕು ಅಂತ ಬರೆದಿದ್ದರು. ಇವರು ‘ರೆಡಿ ಟಿಲ್ ಫ್ರೈಡೇ’ ಅಂತ ಉತ್ತರ ಕೊಟ್ಟಿದ್ದಾರೆ. ಆ ಕಡೆಯಿಂದ, ‘ಯಾಕೆ, ಆಮೇಲೆ ಊರಲ್ಲಿ ಇರಲ್ವಾ?’

“ಇಷ್ಟಕ್ಕೂ ಬೈ ಅಂದ್ರೆ ಏನಮ್ಮಾ? ನಂಗೆ ಗೊತ್ತಿರೋದು ಬೈಯೋದು, ಬಿಟ್ರೆ ಬೈಟೂ ಕಾಫಿ.”

ನಕ್ಕುಬಿಟ್ಟೆ. ಆದರೆ ಅವರಿಗೆ ಗೊತ್ತಿರೋದು ಅಷ್ಟೇ ಅಲ್ಲ. ಬೈಟೂನಲ್ಲಿ ಬೈ ಭಾಗ ಮಾಡುತ್ತೆ: ಒಂದು ಕಾಫಿ, ಎರಡು ಲೋಟ. ಥರ್ಟಿ ಬೈ ಫಾರ್ಟಿ ಸೈಟಿನಲ್ಲಿ ಅದೇ ಬೈ ಗುಣಿಸುತ್ತೆ: 30 ಅಡಿ, 40 ಅಡಿ, ಒಟ್ಟು 1,200 ಚದರಡಿ. ಬೈಪಾಸ್ ರಸ್ತೆ ಊರೊಳಗೆ ಹೋಗದೆ ಪಕ್ಕದಲ್ಲೇ ಹಾದುಹೋಗುತ್ತೆ. ಈ ‘ಪಕ್ಕ, ಹತ್ತಿರ’ ಅನ್ನೋದೇ ಆ ಪದದ ಹಳೇ ಅರ್ಥ. ‘ಸಿಟ್ ಬೈ ದ ವಿಂಡೋ’ ಅಂದರೆ ಕಿಟಕಿ ಪಕ್ಕ ಕೂತ್ಕೋ. ಬಸ್ಸಲ್ಲಿ ಬಂದರೆ ‘ಬೈ ಬಸ್’ ಸರಿ. ನಡ್ಕೊಂಡು ಬಂದರೆ ಮಾತ್ರ ‘ಬೈ ವಾಕ್’ ಅಲ್ಲ, ‘ಆನ್ ಫುಟ್’. (ನಾನೂ ಮಾತಾಡುವಾಗ ಬೈ ವಾಕ್ ಅಂತಲೇ ಅಂದುಬಿಡ್ತೀನಿ.)

ಇನ್ನು ಶುಕ್ರವಾರದ ಬೈ. ಇದಕ್ಕೆ ವ್ಯಾಕರಣ ಪುಸ್ತಕ ಬೇಡ, ಕನ್ನಡವೇ ಸಾಕು. ‘ಶುಕ್ರವಾರದೊಳಗೆ ಹೊಲಿದು ಕೊಡ್ತೀನಿ’ ಅನ್ನೋ ‘ಒಳಗೆ’ಗೆ ಬೈ. ‘ಶುಕ್ರವಾರದವರೆಗೆ ಊರಲ್ಲಿ ಇರ್ತೀನಿ’ ಅನ್ನೋ ‘ವರೆಗೆ’ಗೆ ಟಿಲ್. ಒಂದು ಸಲ ಆಗಿ ಮುಗಿಯೋದಕ್ಕೆ ಒಳಗೆ, ಅಲ್ಲಿ ತನಕ ನಡೀತಾನೇ ಇರೋದಕ್ಕೆ ವರೆಗೆ. ಕನ್ನಡದಲ್ಲಿ ನಾವ್ಯಾರೂ ಇದನ್ನ ತಪ್ಪಲ್ಲ, ಅಲ್ವಾ? ನನಗೆ ಶಾಲೆಯಲ್ಲಿ ಯಾರೂ ಹೀಗೆ ಹೇಳಿಕೊಡಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ರಿಪೋರ್ಟನ್ನ ಟಿಲ್ ಮಂಡೇ ಕಳಿಸ್ತೀನಿ’ ಅನ್ನೋ ಅರ್ಥದಲ್ಲಿ ಇಂಗ್ಲಿಷಲ್ಲಿ ಮೇಲ್ ಹಾಕಿದ್ದೆ. “ದಿನಾ ಒಂದೊಂದು ಕಳಿಸ್ತೀಯಾ?” ಅಂದರು ಮೇಲಿನವರು. ಸುಮ್ನೆ ನಕ್ಕೆ, ತಮಾಷೆ ಅರ್ಥವಾಗಿದ್ದು ಸಂಜೆ ಬಸ್ಸಿನಲ್ಲಿ.

ಅಕ್ಕ ‘ಒಳಗೆ, ಬೈ. ವರೆಗೆ, ಟಿಲ್’ ಅಂತ ಎರಡು ಸಲ ಗುನುಗಿಕೊಂಡು, ಒಂದೇ ಬೆರಳಲ್ಲಿ ಟೈಪ್ ಮಾಡಿದರು: ‘ರೆಡಿ ಬೈ ಫ್ರೈಡೇ.’ ಕಳಿಸೋ ಮುಂಚೆ ಬೆರಳು ನಿಂತಿತು.

“ಲೈನಿಂಗ್ ಬಟ್ಟೇನೇ ಇನ್ನೂ ತಂದಿಲ್ಲ ಕಣಮ್ಮಾ. ಬೈ ಸಂಡೇ ಅಂತ ಹಾಕ್ಲಾ?”