ಇಲ್ಲ, ನನ್ನನ್ನು ಚಾರ್ಜಿಗೆ ಹಾಕುವುದಿಲ್ಲ

ನನ್ನ ಎದೆಯಲ್ಲಿ ಪೇಸ್‌ಮೇಕರ್, ಅಂದರೆ ಕರೆಂಟ್ ಕೊಟ್ಟು ಹೃದಯ ಮಿಡಿಸುವ ಪುಟ್ಟ ಡಬ್ಬಿ, ಇದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಅದು ನಿಂತರೆ ನೀವೂ ನಿಂತುಹೋಗ್ತೀರಾ?" ಮುಖದಲ್ಲಿ ಕಾಳಜಿಗಿಂತ ಕುತೂಹಲವೇ ಜಾಸ್ತಿ. ಬಾಯಲ್ಲಿ ಹೇಳಿ ಸಾಕಾಗಿದೆ, ಇನ್ನು ಓದಿಕೊಳ್ಳಿ.

ಜಯನಗರದ ಒಂದು ಛತ್ರದಲ್ಲಿ ಮದುವೆ ಊಟ. ಹೋಳಿಗೆ ಬರುವ ಹೊತ್ತಿಗೆ ಕರೆಂಟ್ ಹೋಯಿತು. ಪಕ್ಕದ ಎಲೆಯ ನೆಂಟರು ಗಬಕ್ಕನೆ ನನ್ನ ಕೈ ಹಿಡಿದು "ಅತ್ತಿಗೆ, ಹುಷಾರಾಗಿದೀರಾ?" ಅಂದರು. ಕತ್ತಲಲ್ಲೇ ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಜನರೇಟರ್ ಗುರ್ ಅಂದ ಮೇಲೆಯೇ ಅವರಿಗೆ ಸಮಾಧಾನ. ಈ ಗಲಾಟೆಯಲ್ಲಿ ತುಪ್ಪ ಬಡಿಸುವವನು ನನ್ನ ಎಲೆ ದಾಟಿ ಹೋಗಿಬಿಟ್ಟಿದ್ದ.

ಸ್ವಾಮಿ, ಡಬ್ಬಿಯೊಳಗೇ ಬ್ಯಾಟರಿ ಇದೆ. ಸುಮಾರು 8–10 ವರ್ಷ ಬರುತ್ತದೆ. ಮುಗಿಯುತ್ತಾ ಬಂದಿದ್ದು ತಪಾಸಣೆಯಲ್ಲಿ ಮೊದಲೇ ಗೊತ್ತಾಗುತ್ತದೆ, ಡಬ್ಬಿ ಬದಲಿಸುತ್ತಾರೆ. ಅಷ್ಟೇ.

ಅಷ್ಟಕ್ಕೂ ಕರೆಂಟ್ ನಿಮ್ಮ ಎದೆಯಲ್ಲೂ ಇದೆ. ಹೃದಯದ ಬಲ ಮೇಲಿನ ಕೋಣೆಯ ಗೋಡೆಯಲ್ಲಿ ಎಸ್‌ಎ ನೋಡ್ ಅಂತ ಒಂದು ಪುಟ್ಟ ಜಾಗ. ಅದನ್ನು 1907ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಎಂಬ ಇಬ್ಬರು ವಿಜ್ಞಾನಿಗಳು ವಿವರಿಸಿದರು. ಯಾರ ಅಪ್ಪಣೆಗೂ ಕಾಯದೆ ಅದು ನಿಮಿಷಕ್ಕೆ 60ರಿಂದ 100 ಸಲ ಮಿಡಿಯುತ್ತದೆ. ಮೆದುಳು ವೇಗ ಏರಿಸಬಹುದು, ಇಳಿಸಬಹುದು. ಶುರು ಮಾಡುವುದು ಮೆದುಳಲ್ಲ. ಕಸಿ ಮಾಡಿದ ಹೃದಯ ನರದ ನಂಟು ಕಡಿದಿದ್ದರೂ ಬಡಿಯುತ್ತದಲ್ವಾ?

ಆ ಕರೆಂಟ್ ಮೇಲಿನ ಕೋಣೆಗಳಲ್ಲಿ ಹರಡಿ, ನಡುವಿನ ಎವಿ ನೋಡ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗುತ್ತದೆ. ಬೇಕಂತಲೇ. ಪಂಕ್ತಿಯಲ್ಲಿ ಬಡಿಸಿ ಮುಗಿಯುವ ತನಕ ಕೈಯಿಡದೆ ಕೂರುತ್ತೇವಲ್ಲ, ಹಾಗೆ. ಮೇಲಿನ ಕೋಣೆಗಳು ರಕ್ತ ಬಡಿಸಿ ಮುಗಿಸಬೇಕು. ಆಮೇಲೆ ಕರೆಂಟ್ ಕೆಳಗಿಳಿಯುವ ತಂತಿಗಳು: ಹಿಸ್ ಕಟ್ಟು, ಅದರ ಎಡ ಬಲ ಕವಲು, ಪರ್ಕಿಂಜೆ ಎಳೆಗಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿನ ಕೋಣೆಗಳು ಹಿಂಡಿಕೊಳ್ಳುತ್ತವೆ.

ನನ್ನಲ್ಲಿ ಕೆಟ್ಟಿದ್ದು ಈ ನಡುವಿನ ದಾರಿ. ಕಂಪ್ಲೀಟ್ ಹಾರ್ಟ್ ಬ್ಲಾಕ್. ಮೇಲಿನವರು ನಿಮಿಷಕ್ಕೆ 84 ಸಲ ಕೂಗಿದರೂ ಕೆಳಗೆ ಒಂದೂ ಕೇಳುತ್ತಿರಲಿಲ್ಲ.

ಹಾಗಾದರೆ ಡಬ್ಬಿ ಬರುವ ಮುಂಚೆ ನನ್ನನ್ನು ನಡೆಸಿದ್ದು ಯಾರು? ಇದನ್ನು ಒಬ್ಬರಾದರೂ ಕೇಳಬಾರದಾ! ಎರಡು ವಾರ ನಾನು ಗಾಂಧಿಬಜಾರಿಂದ ಸೊಪ್ಪು ತಂದಿದ್ದೇನೆ. ದಾರಿಯಲ್ಲಿ ಎರಡು ಕಡೆ ಕೂತು, ಕಣ್ಣು ಕತ್ತಲೆ ಬಂದು, ವಯಸ್ಸಾಯಿತು ಅಂದುಕೊಂಡು. ಇಸಿಜಿ ಮಾಡಿದ ಹುಡುಗಿ ಕಾಗದವನ್ನು ಎರಡೆರಡು ಸಲ ನೋಡಿದಳು. ಬಡಿತ 34.

ಆ 34 ಕೆಳಗಿನ ಕೋಣೆಗಳ ಸ್ವಂತ ದುಡಿಮೆ. ಮೇಲಿಂದ ಏನೂ ಬರದಿದ್ದರೆ ಅಲ್ಲಿಯ ಜೀವಕೋಶಗಳೇ ನಿಮಿಷಕ್ಕೆ 20ರಿಂದ 40 ಸಲ ಮಿಡಿಯುತ್ತವೆ. ಬೇರೆ ದಿನಗಳಲ್ಲಿ ಎಸ್‌ಎ ನೋಡ್‌ನ ಅವಸರದ ಮುಂದೆ ಅವಕ್ಕೆ ಸರದಿಯೇ ಸಿಗುವುದಿಲ್ಲ. ಅರವತ್ತು ವರ್ಷ ಸುಮ್ನೆ ಕೂತಿದ್ದವು ಎದ್ದು ಬಂದು ಗಾಡಿ ಎಳೆದವು. ಯಾವಾಗ ಕೈಕೊಡುತ್ತವೋ ಹೇಳಲಾಗದು, ಅದಕ್ಕೇ ಡಬ್ಬಿ.

ಅಂದರೆ ಡಬ್ಬಿ ನಿಂತರೂ ತಕ್ಷಣ ನಾನು ನಿಲ್ಲಲೇಬೇಕೆಂದಿಲ್ಲ. ಮುಂದಿನ ಮದುವೆಯಲ್ಲಿ ಕರೆಂಟ್ ಹೋದರೆ ದಯವಿಟ್ಟು ನನ್ನ ಕೈ ಬಿಡಿ. ತುಪ್ಪದವನನ್ನು ಹಿಡಿದುಕೊಳ್ಳಿ.