ಟಿವಿಗೂ ಚಳಿ ಆಗ್ತದೆ

ನಮ್ಮ ಮನೆಯ ಟಿವಿ 2010ರಲ್ಲಿ ತಂದದ್ದು. 32 ಇಂಚಿನ ಎಲ್‌ಸಿಡಿ. ಈಗಿನ ಟಿವಿಗಳ ಪಕ್ಕ ಇಟ್ಟರೆ ಅಡುಗೆಮನೆಯ ಮಣೆಯಷ್ಟು ದಪ್ಪ ಕಾಣುತ್ತದೆ. ಮನೆ ಇರುವುದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ. ಜೂನ್ ಬಂತೆಂದರೆ ಹೊದಿಕೆ, ಉಪ್ಪು, ಬೆಂಕಿಪೊಟ್ಟಣ ಎಲ್ಲವೂ ತೇವ. ಕಳೆದ ಮಳೆಗಾಲದಲ್ಲಿ ಟಿವಿಯೂ ಹಠ ಹಿಡಿಯಿತು.

ಸ್ವಿಚ್ ಹಾಕಿದರೆ ಕೆಂಪು ದೀಪ ಬರುತ್ತಿತ್ತು. ರಿಮೋಟ್ ಒತ್ತಿದರೆ ಒಳಗೆ ‘ಟಿಕ್’. ಎರಡು ಸೆಕೆಂಡ್ ಬಿಟ್ಟು ಇನ್ನೊಂದು ‘ಟಿಕ್’. ಚಿತ್ರ ಇಲ್ಲ, ಸದ್ದಿಲ್ಲ. ಮೊದಮೊದಲು ನಾಲ್ಕೈದು ಸಲ ಹೀಗೆ ಮಾಡಿ ಆಮೇಲೆ ಸರಿಹೋಗುತ್ತಿತ್ತು. ಜುಲೈ ಹೊತ್ತಿಗೆ ಅರ್ಧ ಗಂಟೆ ಬೇಕಾಯಿತು. ಅಮ್ಮ ಅದಕ್ಕೂ ಹೊಂದಿಕೊಂಡರು. ಏಳು ಗಂಟೆಯ ಧಾರಾವಾಹಿಗೆ ಆರೂವರೆಗೇ ಸ್ವಿಚ್ ಹಾಕಿ, ಒಲೆ ಮೇಲೆ ಬೆಲ್ಲದ ಕಾಫಿಗೆ ನೀರಿಟ್ಟು ಬರುತ್ತಿದ್ದರು. "ಅದಕ್ಕೂ ಚಳಿ ಆಗ್ತದೆ ಕಣೋ, ಸ್ವಲ್ಪ ಬಿಸಿ ಆಗ್ಲಿ" ಅನ್ನುತ್ತಿದ್ದರು. ನಾನು ನಗುತ್ತಿದ್ದೆ.

ಪೇಟೆಯ ರಿಪೇರಿ ಅಂಗಡಿಯಲ್ಲಿ ಹೋಗಿ ಕೇಳಿದೆ. "ಪವರ್ ಬೋರ್ಡ್ ಹೋಗಿದೆ ಅಣ್ಣ. ಈ ಮಾಡೆಲ್‌ಗೆ ಬೋರ್ಡ್ ಬರಲ್ಲ. ಹೊಸದು ತಗೊಂಡ್ಬಿಡಿ" ಎಂದರು. ಟಿವಿಯನ್ನು ನೋಡಿಯೂ ಇರಲಿಲ್ಲ! ಅಷ್ಟಕ್ಕೇ ನನಗೆ ಛಲ ಹತ್ತಿತು. ಓದುವಾಗ ರೇಡಿಯೋ ಬಿಚ್ಚಿ ಜೋಡಿಸಿದ ಕೈ ಇದು, ಮಲ್ಟಿಮೀಟರೂ ಇತ್ತು.

ಭಾನುವಾರ ಟಿವಿಯನ್ನು ಮಂಚದ ಮೇಲೆ ಕಂಬಳಿ ಹಾಸಿ ಮುಖ ಕೆಳಗೆ ಮಾಡಿ ಮಲಗಿಸಿದೆ. ಹದಿನಾಲ್ಕು ಸ್ಕ್ರೂ. ಒಳಗೆ ಬೂದು ಬಣ್ಣದ ಧೂಳು, ಒಂದು ಒಣಗಿದ ಹಲ್ಲಿ. ಮಧ್ಯದಲ್ಲಿ ಪವರ್ ಬೋರ್ಡ್, ಪಕ್ಕದಲ್ಲಿ ಮೇನ್ ಬೋರ್ಡ್.

ಇಲ್ಲಿ ಹೆದರಲೇಬೇಕಾದದ್ದು ಒಂದಿದೆ. ನಮ್ಮ 230 ವೋಲ್ಟ್ ಎಸಿ ಒಳಗೆ ಹೋಗಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಅದನ್ನು ಹಿಡಿದಿಡುವ ಡಬ್ಬದಂಥ ದೊಡ್ಡ ಕೆಪಾಸಿಟರ್, ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲದು. ಹಳೆಯ 60 ವ್ಯಾಟ್ ಬಲ್ಬಿನ ಹೋಲ್ಡರ್‌ಗೆ ಎರಡು ವೈರ್ ಕಟ್ಟಿ ಅದರ ಎರಡು ಕಾಲಿಗೆ ಮುಟ್ಟಿಸಿದೆ. ಬಲ್ಬ್ ಒಮ್ಮೆ ಮಿಂಚಿ ಆರಿತು. ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಬೋರ್ಡಿಗೆ ಕೈ ಹಾಕಿದ್ದು. ಕರೆಂಟ್ ಕೊಟ್ಟು ಅಳೆಯುವಾಗ ಎಡಗೈ ಏನನ್ನೂ ಮುಟ್ಟದ ಹಾಗೆ ಬೆನ್ನ ಹಿಂದೆ ಇತ್ತು. ಬಾಗಿಲಲ್ಲಿ ನಿಂತಿದ್ದ ಅಮ್ಮ "ಇದೆಂಥ ನಾಟಕ" ಅಂದರು.

ಸ್ಟ್ಯಾಂಡ್‌ಬೈಯ 5 ವೋಲ್ಟ್ ಸರಿಯಾಗಿತ್ತು, 5.1. ಕೆಂಪು ದೀಪ ಬರುತ್ತಿದ್ದದ್ದು ಅದರಿಂದಲೇ. ರಿಮೋಟ್ ಒತ್ತಿದಾಗ 12 ವೋಲ್ಟ್ ಬರಬೇಕಾದ ಪಿನ್ ಮಾತ್ರ ಏಳೆಂಟರ ತನಕ ಹತ್ತಿ ಜಾರಿಬಿಡುತ್ತಿತ್ತು. ಆ ಟಿಕ್ ರಿಲೇಯದ್ದು, ಅಂದರೆ ಬೋರ್ಡಿನೊಳಗೆ ತಾನೇ ಹತ್ತಿ ಆರುವ ಸ್ವಿಚ್ಚಿನದ್ದು. ಮೇನ್ ಬೋರ್ಡ್ ‘ಬಾ’ ಅನ್ನುತ್ತಿದೆ, ಪವರ್ ಬೋರ್ಡ್ ಎದ್ದು ನಿಲ್ಲಲಾಗದೆ ಕೂತುಬಿಡುತ್ತಿದೆ.

ಅಮ್ಮನ ಮಾತು ಆಗ ನೆನಪಾಯಿತು. ಮನೆಯ ಹೇರ್ ಡ್ರೈಯರ್ ತಂದೆ. ಮಳೆಗಾಲದಲ್ಲಿ ನಮ್ಮಲ್ಲಿ ಅದು ಕೂದಲಿಗಿಂತ ಮಕ್ಕಳ ಸಾಕ್ಸ್ ಒಣಗಿಸಲಿಕ್ಕೇ ಜಾಸ್ತಿ. ಎರಡು ನಿಮಿಷ ಬೋರ್ಡಿಗೆ ಬಿಸಿಗಾಳಿ ಬಿಟ್ಟು ರಿಮೋಟ್ ಒತ್ತಿದೆ. ಒಂದೇ ಟಿಕ್. 12.2 ವೋಲ್ಟ್. ಮುಖ ಕೆಳಗೆ ಮಾಡಿಕೊಂಡೇ ಟಿವಿ ಮಾತಾಡಿತು!

ಅಂದರೆ ಅಮ್ಮ ಹೇಳಿದ್ದೇ ನಿಜ. ಬೋರ್ಡಿನ ಮೇಲಿರುವ ಡಬ್ಬದಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ದ್ರವದಲ್ಲಿ ನೆನೆಸಿದ ಕಾಗದ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಆ ದ್ರವ ಆರುತ್ತಾ ಬರುತ್ತದೆ. ಚಳಿಯಲ್ಲಿ ಇನ್ನಷ್ಟು ಮಂದವಾಗಿ ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಬೆಚ್ಚಗಾದರೆ ಸ್ವಲ್ಪ ಹೊತ್ತು ಜೀವ ಬರುತ್ತದೆ. ಸ್ಟ್ಯಾಂಡ್‌ಬೈಯಲ್ಲಿ ಅರ್ಧ ಗಂಟೆ ಕೂತರೆ ಬೋರ್ಡ್ ಅಷ್ಟು ಬೆಚ್ಚಗಾಗುತ್ತದೆ.

ನೋಡಿದರೆ, 12 ವೋಲ್ಟ್ ಕಡೆ 1000 ಮೈಕ್ರೋಫ್ಯಾರಡ್ ಹಿಡಿಯುವ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಹಬೆಯಲ್ಲಿಟ್ಟ ಕಡುಬಿನ ಹಾಗೆ. ಮಾರನೇ ದಿನ ಪೇಟೆಯಿಂದ ಎರಡು ತಂದೆ. ಹಳೆಯದು 16 ವೋಲ್ಟಿನದ್ದು, ಸಿಕ್ಕಿದ್ದು 25. ವೋಲ್ಟ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಆಗಬಾರದು. 85 ಡಿಗ್ರಿಯದ್ದನ್ನು ವಾಪಸ್ ಕೊಟ್ಟು ಹೆಚ್ಚು ಬಿಸಿ ತಡೆಯುವ 105 ಡಿಗ್ರಿಯದ್ದನ್ನೇ ಕೇಳಿ ತಗೊಂಡೆ. ಬಿಳಿ ಪಟ್ಟಿ ಇರುವ ಕಾಲು ನೆಗೆಟಿವ್, ಅದನ್ನು ಮೂರು ಸಲ ನೋಡಿ ಬೆಸುಗೆ ಹಾಕಿದೆ. ಒಂದೇ ಟಿಕ್‌ಗೆ ಚಾಲೂ. ಹದಿನಾಲ್ಕೂ ಸ್ಕ್ರೂ ಹಾಕಿ ಗೋಡೆಗೇರಿಸಿದೆ. ರಾತ್ರಿ ಊಟದ ಹೊತ್ತಿಗೆ ನನ್ನ ಜಂಬ ನೋಡಬೇಕಿತ್ತು.

ಬೆಳಿಗ್ಗೆ ಎದ್ದು ಸ್ವಿಚ್ ಹಾಕಿದರೆ ಟಿಕ್, ಟಿಕ್, ಟಿಕ್.

ಬೆಸುಗೆಯ ಬಿಸಿಗೆ ಬೋರ್ಡ್ ಆಗಲೇ ಬೆಚ್ಚಗಾಗಿತ್ತು, ಅದಕ್ಕೇ ಸಂಜೆ ಓಡಿತ್ತು. ನಾನು ಮರೆತದ್ದು ಇಷ್ಟೇ. ಮತ್ತೆ ಬಿಚ್ಚಿದೆ. ಈ ಸಲ ಡ್ರೈಯರ್ ಮೂತಿಗೆ ಕಾಗದ ಸುತ್ತಿ ಸಣ್ಣ ಕೊಳವೆ ಮಾಡಿ ಒಂದೊಂದೇ ಜಾಗ ಬಿಸಿ ಮಾಡಿದೆ. ಹೊಸ ಎರಡನ್ನು ಬಿಸಿ ಮಾಡಿದರೆ ಏನೂ ಇಲ್ಲ. ಆಚೆ ಕಡೆ, ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಪಕ್ಕ ಕಡಲೆಬೀಜದಷ್ಟು ದೊಡ್ಡ ಒಂದು ಕೆಪಾಸಿಟರ್ ಇತ್ತು, 47 ಮೈಕ್ರೋಫ್ಯಾರಡ್, 50 ವೋಲ್ಟ್. ಪವರ್ ಬೋರ್ಡನ್ನು ನಡೆಸುವ ಚಿಪ್, ಅಂದರೆ ಪವರ್ ಐಸಿ, ಎದ್ದೇಳಲು ಬೇಕಾದ ಕರೆಂಟನ್ನು ಕೂಡಿಟ್ಟು ಕೊಡುವುದು ಅದೇ. ಅಲ್ಲಿಗೆ ಗಾಳಿ ತಾಗಿದ್ದೇ ತಡ, ಟಿವಿ ಎದ್ದಿತು. ಕಿತ್ತು ಅಳೆದರೆ 47ರ ಜಾಗದಲ್ಲಿ 9. ತಲೆ ಮಾತ್ರ ನಾಣ್ಯದ ಹಾಗೆ ಚಪ್ಪಟೆ. ಇಂಥ ಚಿಕ್ಕವು ಸಾಮಾನ್ಯವಾಗಿ ಉಬ್ಬುವುದಿಲ್ಲ, ಸುಮ್ನೆ ಒಣಗುತ್ತವೆ. ಇಷ್ಟು ದಿನ ಹೀಟ್‌ಸಿಂಕಿನ ಬಿಸಿ ತಿಂದು ಸತ್ತಿದೆ ಪಾಪ.

ಮತ್ತೆ ಪೇಟೆಗೆ ಹೊರಟರೆ ದಾರಿಗೆ ಸಿಲ್ವರ್ ಓಕ್ ಬಿದ್ದಿತ್ತು. ಮರ ಕಡಿಯುವವರೆಗೆ ಒಂದೂವರೆ ಗಂಟೆ ಬೈಕ್ ಪಕ್ಕ ನಿಂತು ಜಿಗಣೆ ಕಿತ್ತೆ. ಎಲ್ಲಾ ಐದು ರೂಪಾಯಿಯ ಸಾಮಾನಿಗೆ.

ಅದನ್ನು ಹಾಕಿದ ಮೇಲೆ ಟಿವಿಯನ್ನು ಆ ರಾತ್ರಿ ಹೊಗಳಲಿಲ್ಲ. ಬೆಳಿಗ್ಗೆ ಆರಕ್ಕೆ, ಕಿಟಕಿ ತೆಗೆದಿಟ್ಟು ಕೋಣೆ ಕೊರೆಯುವಂತೆ ಮಾಡಿ ಒತ್ತಿ ನೋಡಿದೆ. ಒಂದೇ ಟಿಕ್.

ಅಮ್ಮ ಈಗಲೂ ಆರೂವರೆಗೇ ಸ್ವಿಚ್ ಹಾಕುತ್ತಾರೆ. "ಬೇಡಮ್ಮ, ಸರಿಯಾಗಿದೆ" ಎಂದರೆ, "ಇರ್ಲಿ ಬಿಡೋ, ಚಳಿ ಇದ್ಯಲ್ಲ" ಅನ್ನುತ್ತಾರೆ. ನಿನ್ನೆಯೂ ಹಾಗೇ ಆಯಿತು. ಏಳಕ್ಕೆ ಐದು ನಿಮಿಷ ಇರುವಾಗ ಕರೆಂಟ್ ಹೋಯಿತು.