ಕತ್ತಲಲ್ಲಿ ಬೀಡಿ

ಭಾನುವಾರ ಅಕ್ಕನ ಮನೆಯಲ್ಲಿ ಊಟ. ಎಲೆಗೆ ಹೋಳಿಗೆ ಬೀಳುವ ಮೊದಲೇ ಭಾವ ಶುರು ಮಾಡಿದರು. "ನೀನು ಫಿಸಿಕ್ಸ್ ಪಾಠ ಮಾಡೋನು, ಹೇಳು. ನಾವು ನೋಡಿದಾಗಲೇ ಕಣ ಒಂದು ಕಡೆ ಇರೋದಂತೆ. ಅಂದ್ರೆ ಎಲ್ಲಾ ನಮ್ಮ ಮನಸ್ಸಿನ ಆಟ, ಅಲ್ವಾ?" ವಾಟ್ಸಾಪ್‌ಗೆ ಬಂದ ವಿಡಿಯೋದ ಪ್ರಭಾವ.

ನಕ್ಕು ಸುಮ್ಮನಾಗುವ ಹಾಗೂ ಇಲ್ಲ. ಯೂಜಿನ್ ವಿಗ್ನರ್ ಅಂಥ ದೊಡ್ಡ ಭೌತವಿಜ್ಞಾನಿಯೇ 1961ರಲ್ಲಿ, ಕಣವನ್ನು ಅಳೆಯುವಾಗ ನೋಡುವವರ ಪ್ರಜ್ಞೆಗೂ ಪಾತ್ರ ಇದೆ ಎಂದು ಬರೆದಿದ್ದರು. ಎಷ್ಟೋ ವರ್ಷದ ಮೇಲೆ ಅವರೇ ಆ ಮಾತು ಬಿಟ್ಟರು. ವಿಡಿಯೋ ಮಾಡುವವರು ಅಲ್ಲಿಯವರೆಗೆ ಓದುವುದಿಲ್ಲ, ಪಾಪ.

ನಾನು ಭಾವನಿಗೆ ವಿಯೆನ್ನಾದ ಕಥೆ ಹೇಳಿದೆ. 2004ರಲ್ಲಿ ಮಾರ್ಕುಸ್ ಆರ್ನ್ಟ್, ಆಂಟನ್ ಝೈಲಿಂಗರ್ ತಂಡದವರು 70 ಇಂಗಾಲದ ಪರಮಾಣುಗಳಿರುವ ಅಣುಗಳನ್ನು ಸಾಲು ಸಾಲು ಸೀಳುಗಳ ಮೂಲಕ ಕಳಿಸಿದರು. ಸೀಳಿಂದ ಸೀಳಿಗೆ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ದೂರ. ಅಷ್ಟು ದಪ್ಪ ಅಣುವೂ ಅಲೆಯ ಹಾಗೆ ಹಲವು ಸೀಳುಗಳಲ್ಲಿ ಒಟ್ಟಿಗೇ ಹಾದು, ಆಚೆ ಕಡೆ ಪಟ್ಟೆ ಪಟ್ಟೆಯಾಗಿ ಬಂತು. ಆಮೇಲೆ, ಸೀಳು ತಲುಪುವ ಮೊದಲೇ ಲೇಸರ್‌ನಿಂದ ಅಣುಗಳನ್ನು ಕಾಯಿಸಿದರು. ಲೇಸರ್ ಜಾಸ್ತಿ ಮಾಡಿದಷ್ಟೂ ಪಟ್ಟೆ ಮಸುಕಾಯಿತು. ಬಿಸಿ 3000 ಕೆಲ್ವಿನ್ ಹತ್ತಿರ ಬಂದಾಗ ಪಟ್ಟೆಯೇ ಇಲ್ಲ.

"ಯಾರು ನೋಡಿದ್ರು?" ಅಂದರು ಭಾವ.

ಯಾರೂ ಇಲ್ಲ. ಕುಲುಮೆಯ ಕಬ್ಬಿಣದ ಹಾಗೆ ಕಾದ ಅಣು ತಾನೇ ಬೆಳಕು ಬಿಡುತ್ತದೆ. ಕತ್ತಲಲ್ಲಿ ಬೀಡಿ ಸೇದುವವನು ತಾನೆಲ್ಲಿದ್ದೇನೆ ಅಂತ ತೋರಿಸಿಕೊಂಡ ಹಾಗೆ. ಆ ಬೆಳಕನ್ನು ಹಿಡಿಯಲು ಅಲ್ಲಿ ಕಣ್ಣಿರಲಿಲ್ಲ, ಕ್ಯಾಮೆರಾ ಇರಲಿಲ್ಲ. ಅದು ಹೋಗಿ ಅಣುಗಳು ಸಾಗುವ ಕೊಳವೆಯ ಗೋಡೆಗೆ ಬಿದ್ದರೂ ಸಾಕು, ಅಣು ಯಾವ ಸೀಳಲ್ಲಿ ಹೋಯಿತು ಅನ್ನುವ ಸುದ್ದಿ ಹೊರಗೆ ಹೋದ ಹಾಗೆಯೇ, ಪಟ್ಟೆ ಅಳಿಯುತ್ತದೆ. ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಸ್ವಲ್ಪವೇ ಕಾದ ಅಣು ಬಿಡುವ ಬೆಳಕಿನ ಅಲೆ ಉದ್ದ. ಅಷ್ಟು ಉದ್ದದ ಅಲೆಗೆ ಈ ಸೀಳೋ ಪಕ್ಕದ್ದೋ ಗೊತ್ತಾಗುವುದಿಲ್ಲ. ಅಂಥ ಒಂದೆರಡು ಅಲೆ ಹೊರಬಿದ್ದರೂ ಪಟ್ಟೆ ಉಳಿಯುತ್ತದೆ.

ಭಾವ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ ಯೋಚಿಸಿದರು. "ಸರಿ, ಪಟ್ಟೆ ಹೋಯ್ತು. ಆದ್ರೆ ಅಣು ಕೊನೆಗೆ ಈ ಜಾಗದಲ್ಲೇ ಸಿಕ್ತು, ಪಕ್ಕದಲ್ಲಿ ಸಿಗಲಿಲ್ಲ. ಅದನ್ನ ಯಾರು ತೀರ್ಮಾನ ಮಾಡಿದ್ರು? ಗೋಡೆನಾ?"

ಬ್ಯಾಂಕಿನಿಂದ ರಿಟೈರ್ ಆದ ಮನುಷ್ಯ, ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ವಿಜ್ಞಾನಿ ನೀಲ್ಸ್ ಬೋರ್ ಕಾಲದಿಂದ ಜಗಳ ನಡೆಯುತ್ತಿರುವುದು ಅಲ್ಲೇ. ನಾನು ಇನ್ನೊಂದು ಹೋಳಿಗೆ ಕೇಳಿದೆ.